ಶಿಲಾದಾಖಲೀಕರಣದಲ್ಲಿ ದೊಡ್ಡ ಅಳತೆಯ ಜೋಡಿಚಿತ್ರ: ಕ್ಯಾಮೆರಾ ಸಲಕರಣೆಗಳ ಆಯ್ಕೆ
(ಆನೆಕೊಂಡ ಮತ್ತು ಹರಿಹರ ಪರಿಸರವನ್ನು ಅನುಲಕ್ಷಿಸಿ)

ಪ್ರಸ್ತಾವನೆ

ಜಾನಪದ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣಕ್ಕೆ ದೊರೆತಷ್ಟು ಶಾಸ್ತ್ರೀಯ ಗಮನ ಛಾಯಾಗ್ರಹಣಕ್ಕೆ ದೊರೆತಿಲ್ಲ. ಹಾಡನ್ನು ದಾಖಲಿಸುವಾಗ ಪಾಠ, ಪಾಠಾಂತರ, ಹಾಡಿದವರು, ಸಂದರ್ಭ ಇವೆಲ್ಲವನ್ನೂ ಗುರುತಿಸಿಕೊಳ್ಳುವ ಸಂಶೋಧಕರು ವೀರಗಲ್ಲಿನ ಮುಂದೆ ನಿಂತಾಗ ಒಂದು ಚಿತ್ರ ತೆಗೆದುಕೊಂಡು ಮುಂದೆ ಸಾಗುವುದೇ ಹೆಚ್ಚು. ಹೀಗೆ ತೆಗೆದ ಚಿತ್ರವು ಕಲ್ಲಿನ ಅಗಲ ಎತ್ತರಗಳನ್ನು ಹೇಳುತ್ತದೆ. ಅದರ ಆಳವನ್ನು ಹೇಳುವುದಿಲ್ಲ. ಉಬ್ಬುಶಿಲ್ಪದ ಅರ್ಥವಾದರೋ ಬಹುಪಾಲು ಆ ಆಳದಲ್ಲಿಯೇ ಇರುತ್ತದೆ. ವೀರನ ಕತ್ತಿ ಎದುರಾಳಿಯ ಮೈಯನ್ನು ಹೊಕ್ಕಿದೆಯೋ ಗುರಾಣಿಯ ಮುಂದೆ ಹಾದುಹೋಗಿದೆಯೋ, ಹಸುಗಳು ವೀರನ ಹಿಂದಿವೆಯೋ ಪಕ್ಕದಲ್ಲಿವೆಯೋ ಎಂಬ ಪ್ರಶ್ನೆಗಳಿಗೆ ಒಂಟಿ ಚಿತ್ರದಿಂದ ಖಚಿತವಾದ ಉತ್ತರ ದೊರೆಯುವುದಿಲ್ಲ. ಕಲ್ಲು ಸವೆದ ಮೇಲೆ, ಬಣ್ಣ ಬಳಿದ ಮೇಲೆ ಅಥವಾ ಸಿಮೆಂಟಿನ ಕಟ್ಟೆಯಲ್ಲಿ ಅರ್ಧ ಹುದುಗಿದ ಮೇಲೆ ಆ ಉತ್ತರವನ್ನು ಮರಳಿ ಪಡೆಯುವ ದಾರಿಯೂ ಇರುವುದಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಹಳೆಯ ವಿಧಾನವೊಂದಿದೆ. ಒಂದೇ ವಸ್ತುವನ್ನು ಎರಡು ಕಣ್ಣುಗಳ ಸ್ಥಾನದಿಂದ ಎರಡು ಬಾರಿ ಚಿತ್ರಿಸಿ, ಆ ಜೋಡಿಯನ್ನು ಒಟ್ಟಿಗೆ ನೋಡುವ ಸ್ಟೀರಿಯೋ ಛಾಯಾಗ್ರಹಣವೇ ಅದು. ಈ ಲೇಖನದಲ್ಲಿ ಇದನ್ನು 'ಜೋಡಿಚಿತ್ರ' ಎಂದೂ, 4×5 ಅಂಗುಲ ಅಥವಾ ಅದಕ್ಕಿಂತ ದೊಡ್ಡ ಹಾಳೆ ಫಿಲ್ಮನ್ನು ಬಳಸುವ ಕ್ಯಾಮೆರಾಗಳನ್ನು 'ದೊಡ್ಡ ಅಳತೆಯ ಕ್ಯಾಮೆರಾ' ಎಂದೂ ಕರೆಯಲಾಗಿದೆ. ಇವೆರಡನ್ನೂ ಕೂಡಿಸಿ ಕೆಲಸ ಮಾಡಬಯಸುವ ಸಂಶೋಧಕರು ಮತ್ತು ಸಂಸ್ಥೆಗಳು ಯಾವ ಸಲಕರಣೆಯನ್ನು ಆರಿಸಿಕೊಳ್ಳಬೇಕು, ಏಕೆ ಆರಿಸಿಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ದಾವಣಗೆರೆ ನಗರಕ್ಕೆ ಸೇರಿದ ಆನೆಕೊಂಡದ ಈಶ್ವರ ದೇವಾಲಯ, ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯ ಹಾಗೂ ಈ ಪರಿಸರದ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ದಾಖಲಾಗಬೇಕಾದ ವಸ್ತುವಿನ ಆಳ, ದೂರ ಮತ್ತು ಚಲನೆಗಳೇ ಕ್ಯಾಮೆರಾವನ್ನು ನಿರ್ಧರಿಸಬೇಕು. ಕೈಯಲ್ಲಿರುವ ಕ್ಯಾಮೆರಾ ವಸ್ತುವನ್ನು ನಿರ್ಧರಿಸಬಾರದು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಚಾರಿತ್ರಿಕ ಹಿನ್ನೆಲೆ

ಎರಡು ಕಣ್ಣುಗಳು ಕಾಣುವ ಎರಡು ಭಿನ್ನ ಬಿಂಬಗಳನ್ನು ಮೆದುಳು ಕೂಡಿಸಿ ಆಳವನ್ನು ಗ್ರಹಿಸುತ್ತದೆಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಕನ್ನಡಿಗಳ ಸ್ಟೀರಿಯೋಸ್ಕೋಪಿನ ಮೂಲಕ ತೋರಿಸಿಕೊಟ್ಟನು. ಡೇವಿಡ್ ಬ್ರೂಸ್ಟರನ ಮಸೂರದ ಸ್ಟೀರಿಯೋಸ್ಕೋಪು 1851ರ ಲಂಡನ್ ಮಹಾಪ್ರದರ್ಶನದ ಬಳಿಕ ಮನೆಮನೆಯ ವಸ್ತುವಾಯಿತು. 1861ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ರೂಪಿಸಿದ ಕೈಹಿಡಿಯ ಉಪಕರಣವು ಜೋಡಿಚಿತ್ರದ ಕಾರ್ಡುಗಳನ್ನು ಜಗತ್ತಿನಾದ್ಯಂತ ಹರಡಿತು.

ದಕ್ಷಿಣ ಭಾರತದ ಮಟ್ಟಿಗೆ ಲಿನ್ನೀಯಸ್ ಟ್ರೈಪನ ಕೆಲಸ ಇಲ್ಲಿ ಉಲ್ಲೇಖನೀಯ. ಈತನು 1854ರ ಕೊನೆಯಲ್ಲಿ ಎ.ಸಿ.ಬಿ. ನೀಲ್‌ನೊಡನೆ ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ 1858ರಲ್ಲಿ ಮಧುರೆ, ತಂಜಾವೂರು, ತಿರುಚಿನಾಪಳ್ಳಿಗಳ ದೊಡ್ಡ ಅಳತೆಯ ಚಿತ್ರಸಂಪುಟಗಳ ಜೊತೆಗೆ ಪ್ರತ್ಯೇಕವಾದ ಜೋಡಿಚಿತ್ರಗಳ ಸಂಪುಟಗಳನ್ನೂ ಹೊರತಂದನು. ದೊಡ್ಡ ಚಿತ್ರ ಮತ್ತು ಜೋಡಿಚಿತ್ರ ಎರಡೂ ಬೇಕೆಂದು ಆತನಿಗೆ ತೋರಿತ್ತು. ಆದರೆ ಎರಡನ್ನೂ ಒಂದೇ ಸಲಕರಣೆಯಲ್ಲಿ ಆತನು ಕೂಡಿಸಲಿಲ್ಲ. ಇದೇ ದಶಕದಲ್ಲಿ ಮುಂಬಯಿ ಸರ್ಕಾರದ ಪರವಾಗಿ ಡಾ. ಪಿಗೌ ಹರಿಹರದ ದೇವಾಲಯವನ್ನು ಚಿತ್ರಿಸಿದನು. ಆ ಚಿತ್ರಗಳು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ ಸೇರಿದವು. ಇವು ಒಂಟಿ ಚಿತ್ರಗಳು. ಒಂದೂವರೆ ಶತಮಾನಕ್ಕೂ ಹಿಂದಿನ ಹರಿಹರದ ನೋಟ ನಮಗೆ ಇವುಗಳಿಂದ ದೊರೆತಿದೆ. ಕಂಬಗಳ ನಡುವಣ ಅಂತರವಾಗಲಿ, ಶಿಲ್ಪದ ಉಬ್ಬಾಗಲಿ ಅಳೆಯಲು ಬರುವಂತೆ ದೊರೆತಿಲ್ಲ.

ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಮೇಡೆನ್‌ಬೌವರ್ 1885ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ಸಂಸ್ಥೆ ಇದಕ್ಕೆ ಇನ್ನೊಂದು ಮಾದರಿ. 40×40 ಸೆಂ.ಮೀ.ವರೆಗಿನ ಗಾಜಿನ ಫಲಕಗಳ ಮೇಲೆ ಕಟ್ಟಡಗಳನ್ನು ಅಳತೆಗೆ ಒದಗುವಂತೆ ಬೇರೆಬೇರೆ ನೆಲೆಗಳಿಂದ ಅಲ್ಲಿ ಚಿತ್ರಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಹಾನಿಗೊಂಡ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ಈ ಫಲಕಗಳು ನೆರವಾದವು. ವಸ್ತು ನಾಶವಾದ ಮೇಲೂ ಅಳತೆ ಉಳಿಯುವಂಥ ಚಿತ್ರವೊಂದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ದೊಡ್ಡ ಅಳತೆ ಏಕೆ ಬೇಕು?

ಎರಡು ಚಿತ್ರಗಳನ್ನು ತೆಗೆಯುವಾಗ ಮಸೂರವು ನಿಂತ ಎರಡು ಸ್ಥಾನಗಳ ನಡುವಿನ ದೂರವನ್ನು ಇಲ್ಲಿ 'ಮಸೂರಾಂತರ' ಎಂದು ಕರೆಯೋಣ. ಮನುಷ್ಯನ ಕಣ್ಣುಗಳ ನಡುವಿನ ಅಂತರ ಸುಮಾರು 65 ಮಿ.ಮೀ. ಹತ್ತಿರದ ಬಿಂದುವೊಂದು ಎಡಚಿತ್ರದಿಂದ ಬಲಚಿತ್ರಕ್ಕೆ ಬರುವಾಗ ದೂರದ ಬಿಂದುವಿಗಿಂತ ಹೆಚ್ಚು ಸರಿಯುತ್ತದೆ. ಈ ವ್ಯತ್ಯಾಸವೇ 'ಸ್ಥಾನಪಲ್ಲಟ'. ಕಣ್ಣಿಗೆ ಆಳವೆಂದು ತೋರುವುದು ಇದೇ. ಹತ್ತಿರದ ದೂರದ ವಿಲೋಮದಿಂದ ಹಿಂದಿನ ದೂರದ ವಿಲೋಮವನ್ನು ಕಳೆದು, ಬಂದ ಸಂಖ್ಯೆಯನ್ನು ಮಸೂರಾಂತರದಿಂದಲೂ ಮಸೂರಕ್ಕೂ ಫಿಲ್ಮಿಗೂ ನಡುವಿನ ದೂರದಿಂದಲೂ ಗುಣಿಸಿದರೆ ಫಿಲ್ಮಿನ ಮೇಲಿನ ಸ್ಥಾನಪಲ್ಲಟ ದೊರೆಯುತ್ತದೆ.

ಒಂದೂವರೆ ಮೀಟರ್ ಎತ್ತರದ ವೀರಗಲ್ಲೊಂದನ್ನು ತೆಗೆದುಕೊಳ್ಳೋಣ. 4×5 ಅಂಗುಲದ ಕ್ಯಾಮೆರಾದಲ್ಲಿ 150 ಮಿ.ಮೀ. ಸಂಗಮದೂರದ ಮಸೂರವನ್ನು ಹಾಕಿ, ಅಂಚು ಬಿಟ್ಟು ಕಲ್ಲು ತುಂಬುವಂತೆ ನಿಂತರೆ ದೂರ ಸುಮಾರು 2.4 ಮೀಟರ್ ಆಗುತ್ತದೆ. ಮಸೂರಾಂತರ 80 ಮಿ.ಮೀ., ಉಬ್ಬುಶಿಲ್ಪದ ಒಟ್ಟು ಆಳ 10 ಸೆಂ.ಮೀ. ಎಂದುಕೊಂಡರೆ ಫಿಲ್ಮಿನ ಮೇಲೆ ಸ್ಥಾನಪಲ್ಲಟ ಸುಮಾರು 0.21 ಮಿ.ಮೀ. ಮಾತ್ರ. ಒಂದು ಮಿಲಿಮೀಟರಿನಲ್ಲಿ 50 ಜೋಡಿಗೆರೆಗಳನ್ನು ಬಿಡಿಸಿ ತೋರಿಸಬಲ್ಲ ಫಿಲ್ಮು ಮಸೂರಗಳಿವೆಯೆಂದು ಭಾವಿಸಿದರೆ, ಈ 0.21 ಮಿ.ಮೀ.ನಲ್ಲಿ ಸುಮಾರು 10 ಹಂತಗಳು ಸಿಗುತ್ತವೆ. ಅಂದರೆ ಕಲ್ಲಿನ ಆಳವನ್ನು ಸುಮಾರು ಒಂದೊಂದು ಸೆಂಟಿಮೀಟರಿನ ಪದರಗಳಾಗಿ ಬೇರ್ಪಡಿಸಬಹುದು. ಅದೇ ಕಲ್ಲನ್ನು ಅದೇ ಜಾಗದಿಂದ, ಅದೇ ಮಸೂರಾಂತರದಲ್ಲಿ 35 ಮಿ.ಮೀ. ಫಿಲ್ಮಿನ ಕ್ಯಾಮೆರಾದಿಂದ ತೆಗೆದರೆ ಸ್ಥಾನಪಲ್ಲಟ 0.064 ಮಿ.ಮೀ.ಗೆ ಇಳಿಯುತ್ತದೆ. ಆಗ ದೊರೆಯುವುದು ಮೂರೇ ಹಂತ: ಹಿನ್ನೆಲೆ, ಮೈ, ಮುಂಚಾಚು. ಕೈಯ ಬಳೆ, ಕೊರಳ ಹಾರ, ಗುರಾಣಿಯ ಅಂಚು ಎಲ್ಲವೂ ಒಂದೇ ಪದರದಲ್ಲಿ ಕೂಡಿಹೋಗುತ್ತವೆ.

ಆದುದರಿಂದ ದೊಡ್ಡ ಅಳತೆಯ ಫಿಲ್ಮನ್ನು ಬಳಸುವುದು ಚಿತ್ರದ ಅಂದಕ್ಕಾಗಿ ಅಲ್ಲ. ತೆಳುವಾದ ಆಳವನ್ನು ಹೆಚ್ಚು ಹಂತಗಳಲ್ಲಿ ಹಿಡಿಯುವುದಕ್ಕಾಗಿ ಅದು ಬೇಕು. ಹಾಗೆಯೇ ಆಳವಿಲ್ಲದ ವಸ್ತುವಿಗೆ ಅದು ಬೇಡ ಎಂಬುದೂ ಇದರಿಂದಲೇ ಸಿದ್ಧವಾಗುತ್ತದೆ. ತೊಗಲುಗೊಂಬೆಗೆ ಹಿಂಬದಿಯ ಸಮಬೆಳಕಿನಲ್ಲಿ ತೆಗೆದ ಒಂಟಿ ಚಿತ್ರ ಸಾಕು. ಅದರ ಜೀವ ಬಣ್ಣದಲ್ಲಿ ಮತ್ತು ರಂಧ್ರಗಳಲ್ಲಿದೆ. ಸೋಮನ ಕುಣಿತದ ಮರದ ಮೊಗ, ಕಿನ್ನಾಳದ ಮರದ ಮೂರ್ತಿ, ಭೂತಾರಾಧನೆಯ ಲೋಹದ ಮೊಗ ಇವುಗಳಿಗೆ ಜೋಡಿಚಿತ್ರ ಅಗತ್ಯ.

ಸಲಕರಣೆಯ ಮೂರು ಬಗೆ

ದೊಡ್ಡ ಅಳತೆಯಲ್ಲಿ ಜೋಡಿಚಿತ್ರ ತೆಗೆಯಲು ಸ್ಥೂಲವಾಗಿ ಮೂರು ವಿಧಾನಗಳಿವೆ.

ಮೊದಲನೆಯದು ಒಂದೇ ಕ್ಯಾಮೆರಾವನ್ನು ಜಾರುಪಟ್ಟಿಯ ಮೇಲೆ ಸರಿಸಿ ಎರಡು ಚಿತ್ರ ತೆಗೆಯುವುದು. ಇದರ ದೊಡ್ಡ ಅನುಕೂಲವೆಂದರೆ ಎರಡೂ ಚಿತ್ರಗಳಿಗೆ ಒಂದೇ ಮಸೂರ. ಮಸೂರಾಂತರವನ್ನು ವಸ್ತುವಿಗೆ ತಕ್ಕಂತೆ ಬದಲಾಯಿಸಬಹುದು. ಕೊರತೆಯೆಂದರೆ ಎರಡು ಚಿತ್ರಗಳ ನಡುವೆ ಕಾಲ ಸರಿಯುತ್ತದೆ, ವಸ್ತುವು ಅಲುಗಾಡಬಾರದು.

ಎರಡನೆಯದು ಒಂದೇ ಕ್ಯಾಮೆರಾದ ಒಡಲಿನಲ್ಲಿ ನಡುಗೋಡೆಯೊಂದನ್ನು ಇಳಿಸಿ, ಮುಂದಿನ ಹಲಗೆಗೆ ಎರಡು ಮಸೂರಗಳನ್ನು ಜೋಡಿಸುವುದು. 5×7 ಅಂಗುಲದ ಕ್ಯಾಮೆರಾಗಳನ್ನು ಹಿಂದೆ ಹೀಗೆ ಧಾರಾಳವಾಗಿ ಬಳಸುತ್ತಿದ್ದರು. ಇದರಲ್ಲಿ 3.5×5 ಅಂಗುಲದ ಎರಡು ಬಿಂಬಗಳು ಒಂದೇ ಹಾಳೆಯ ಮೇಲೆ, ಒಂದೇ ಕ್ಷಣದಲ್ಲಿ ಮೂಡುತ್ತವೆ. ಮಸೂರಾಂತರವು ಸುಮಾರು 85 ಮಿ.ಮೀ.ಗೆ ನಿಂತುಬಿಡುತ್ತದೆ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿಯಂಥ ಮರದ ಕ್ಯಾಮೆರಾಗಳು ಇಂದಿಗೂ ಹಳೆಯ ಸ್ಟುಡಿಯೋಗಳ ಅಟ್ಟಗಳಲ್ಲಿ ಸಿಗುವುದುಂಟು. 4.75×6.5 ಅಂಗುಲದ ಹಾಫ್ ಪ್ಲೇಟ್ ಕ್ಯಾಮೆರಾವನ್ನು ಹೀಗೆ ಇಬ್ಭಾಗಿಸಿದರೆ ಒಂದೊಂದು ಬಿಂಬಕ್ಕೆ ಸುಮಾರು 82 ಮಿ.ಮೀ. ಅಗಲ ದೊರೆಯುತ್ತದೆ. ಆದರೆ ಆ ಅಳತೆಯ ಫಿಲ್ಮು ಸುಲಭವಾಗಿ ಸಿಗುವುದಿಲ್ಲ. 4×5 ಅಂಗುಲದ ಹಾಳೆ ಫಿಲ್ಮನ್ನು ಇಂದಿಗೂ ಇಲ್ಫರ್ಡ್, ಕೊಡಾಕ್ ಸಂಸ್ಥೆಗಳು ತಯಾರಿಸುತ್ತಿವೆ. ಸಂಸ್ಥೆಯೊಂದು ಕ್ಯಾಮೆರಾ ಕೊಳ್ಳುವ ಮೊದಲು ಫಿಲ್ಮಿನ ಲಭ್ಯತೆಯನ್ನು ವಿಚಾರಿಸಿಕೊಳ್ಳಬೇಕಾದುದು ಇದೇ ಕಾರಣಕ್ಕೆ. ಈ ವಿಧಾನದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಮಸೂರವು ಬಿಂಬವನ್ನು ತಲೆಕೆಳಗು ಮಾಡುವುದರಿಂದ ಮುದ್ರಿಸುವಾಗ ಎರಡು ಬಿಂಬಗಳನ್ನು ಕತ್ತರಿಸಿ ಎಡಬಲ ಅದಲುಬದಲು ಮಾಡಬೇಕು.

ಮೂರನೆಯದು ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವುದು. ಕ್ಷಣಮಾತ್ರದ ದೃಶ್ಯಕ್ಕೆ ಇದು ಬೇಕೆನ್ನಿಸಿದರೂ 4×5 ಕ್ಯಾಮೆರಾಗಳ ಒಡಲಿನ ಅಗಲದಿಂದಾಗಿ ಮಸೂರಾಂತರವು 18-20 ಸೆಂ.ಮೀ.ಗಿಂತ ಕಡಿಮೆಯಾಗುವುದು ಕಷ್ಟ. ಮಸೂರಾಂತರವು ಹತ್ತಿರದ ವಸ್ತುವಿನ ದೂರದಲ್ಲಿ 1/30 ಭಾಗದಷ್ಟಿರಬೇಕೆಂಬ ರೂಢಿಯ ಸೂತ್ರದಂತೆ ಆಗ ವಸ್ತುವು ಸುಮಾರು 6 ಮೀಟರ್ ದೂರದಲ್ಲಿರಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಮಸೂರಗಳದು. ಎರಡರ ಮೇಲೂ 150 ಎಂದೇ ಕೆತ್ತಿದ್ದರೂ ನಿಜವಾದ ಸಂಗಮದೂರದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೆ 120 ಮಿ.ಮೀ. ಉದ್ದದ ಬಿಂಬದಲ್ಲಿ 1.2 ಮಿ.ಮೀ. ಹೆಚ್ಚುಕಡಿಮೆಯಾಗುತ್ತದೆ. ವೀರಗಲ್ಲಿನ ಇಡೀ ಆಳವೇ 0.21 ಮಿ.ಮೀ.ನಲ್ಲಿ ಅಡಗಿರುವಾಗ ಈ ದೋಷ ಅದನ್ನು ನುಂಗಿಹಾಕುತ್ತದೆ. ಹೀಗಾಗಿ ಎರಡು ಮಸೂರಗಳನ್ನು ಬಳಸುವ ಯಾವುದೇ ವಿಧಾನದಲ್ಲಿ ಅಳತೆಗೆರೆ ಬರೆದ ಗೋಡೆಯೊಂದನ್ನು ಎರಡರಿಂದಲೂ ಚಿತ್ರಿಸಿ ಹೋಲಿಸಿದ ಬಳಿಕವೇ ಅವನ್ನು ಸ್ವೀಕರಿಸಬೇಕು.

ಕಲ್ಲಿನ ದಾಖಲೀಕರಣಕ್ಕೆ ಈ ಮೂರರಲ್ಲಿ ಮೊದಲನೆಯದೇ ಯೋಗ್ಯವಾದುದು. ಅದು ಖರ್ಚಿನಲ್ಲಿ ಕಡಿಮೆ, ನಿಖರತೆಯಲ್ಲಿ ಹೆಚ್ಚು.

ಮಸೂರ, ಮಸೂರಾಂತರ ಮತ್ತು ಹರಿಹರದ ಕಂಬಗಳು

ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಕೆಲವು ಸೇರ್ಪಡೆಗಳನ್ನು ಮಾಡಿಸಿದನು. ಇಲ್ಲಿನ ಶಾಸನಗಳು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಸೇರಿವೆ. ಈ ದೇವಾಲಯದ ತೆರೆದ ಮಂಟಪವು ಜೋಡಿಚಿತ್ರಕಾರನಿಗೆ ವೀರಗಲ್ಲಿಗಿಂತ ತೀರ ಬೇರೆಯಾದ ಸಮಸ್ಯೆಯನ್ನು ಒಡ್ಡುತ್ತದೆ.

ವೀರಗಲ್ಲಿನಲ್ಲಿ ಆಳ ಕಡಿಮೆ; ಮಂಟಪದಲ್ಲಿ ಆಳ ವಿಪರೀತ. 90 ಮಿ.ಮೀ. ಮಸೂರದೊಡನೆ ನಿಂತಾಗ ಹತ್ತಿರದ ಕಂಬ 2 ಮೀಟರ್, ಕೊನೆಯ ಕಂಬ 15 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಮಸೂರಾಂತರ 65 ಮಿ.ಮೀ. ಇದ್ದರೆ ಸ್ಥಾನಪಲ್ಲಟವು ಸುಮಾರು 2.5 ಮಿ.ಮೀ. ಆಗುತ್ತದೆ. ಕಣ್ಣು ಆಯಾಸವಿಲ್ಲದೆ ಕೂಡಿಸಬಲ್ಲ ಮಿತಿಯು ರೂಢಿಯಲ್ಲಿ ಸಂಗಮದೂರದ 1/30 ಭಾಗ, ಅಂದರೆ ಇಲ್ಲಿ 3 ಮಿ.ಮೀ. ಆದ್ದರಿಂದ ಇಲ್ಲಿ ಮಸೂರಾಂತರವು ಸುಮಾರು 77 ಮಿ.ಮೀ.ಗಿಂತ ಹೆಚ್ಚಬಾರದು. ಅದೇ ದಿನ ಅದೇ ಕ್ಯಾಮೆರಾದಿಂದ ತೆಳುವಾದ ಉಬ್ಬುಶಿಲ್ಪವೊಂದನ್ನು ಅಳತೆಗಾಗಿ ಚಿತ್ರಿಸುವಾಗ 160 ಮಿ.ಮೀ. ಮಸೂರಾಂತರವೂ ಯುಕ್ತವಾಗಬಹುದು. ಒಂದೇ ಅಂತರಕ್ಕೆ ಕಟ್ಟಿಹಾಕಿದ ಜೋಡಿಮಸೂರದ ಕ್ಯಾಮೆರಾ ಈ ಎರಡು ಕೆಲಸಗಳನ್ನೂ ಮಾಡಲಾರದು.

ಮಸೂರಾಂತರವನ್ನು ಹಿಗ್ಗಿಸಿದರೆ ವಸ್ತುವು ಪುಟ್ಟ ಮಾದರಿಯಂತೆ ಕಾಣತೊಡಗುತ್ತದೆ. ಅಳತೆಗೆ ಅದು ದೋಷವಲ್ಲ. ಆದರೆ ಮಸೂರಾಂತರವನ್ನು ನಮೂದಿಸದೆ ಅಂಥ ಚಿತ್ರವನ್ನು ಪ್ರಕಟಿಸಿದರೆ, ಅದನ್ನು ನೋಡಿದ ಇನ್ನೊಬ್ಬ ವಿದ್ವಾಂಸರು ಕಲ್ಲಿನ ಕೆತ್ತನೆಯ ಶೈಲಿಯನ್ನೇ ತಪ್ಪಾಗಿ ತಿಳಿಯುವ ಸಂಭವವಿದೆ.

ಹರಿಹರದ ಮಂಟಪದಲ್ಲಿ ಕಡೆದಂತೆ ದುಂಡಾದ, ನಯಗೊಳಿಸಿದ ಕಂಬಗಳಿವೆ. ನಯವಾದ ದುಂಡು ಮೈಯ ಮೇಲಿನ ಹೊಳಪು ನೋಡುವವನ ಸ್ಥಾನ ಬದಲಾದಂತೆ ಸರಿಯುತ್ತದೆ. ಇದರಿಂದ ಜೋಡಿಚಿತ್ರದಲ್ಲಿ ಆ ಹೊಳಪು ಕಂಬದ ಮೇಲ್ಮೈಯಲ್ಲಿ ಕೂರದೆ ಕಂಬದ ಒಳಗೆಲ್ಲೋ ತೇಲುವಂತೆ ಕಾಣುತ್ತದೆ. ನೇರ ಬಿಸಿಲನ್ನು ತಪ್ಪಿಸಿ ಮೋಡದ ಬೆಳಕಿನಲ್ಲಿ ಕೆಲಸ ಮಾಡುವುದು ಇದಕ್ಕೆ ಉಪಾಯ. ಹೊಳಪನ್ನು ತಗ್ಗಿಸುವ ಪೋಲರೈಸಿಂಗ್ ಫಿಲ್ಟರನ್ನು ಬಳಸುವುದಾದರೆ ಎರಡೂ ಚಿತ್ರಗಳಿಗೆ ಅದರ ಕೋನ ಒಂದೇ ಇರಬೇಕು.

ಜಾರುಪಟ್ಟಿ, ಟ್ರೈಪಾಡ್ ಮತ್ತು ಇತರ ಪರಿಕರಗಳು

ಕ್ಯಾಮೆರಾಕ್ಕೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನಾದರೂ ಅದು ನಿಲ್ಲುವ ನೆಲೆಗೆ ಕೊಡಬೇಕು. ಟ್ರೈಪಾಡು ಭಾರವಾಗಿದ್ದಷ್ಟೂ ಒಳಿತು. ಅದರ ಮೇಲೆ 25-30 ಸೆಂ.ಮೀ. ಉದ್ದದ, ಮಿಲಿಮೀಟರ್ ಗೆರೆಗಳನ್ನು ಕೊರೆದ, ಬಿಗಿಹಿಡಿಯುವ ತಿರುಪುಳ್ಳ ಲೋಹದ ಜಾರುಪಟ್ಟಿ ಇರಬೇಕು. ಇದನ್ನು ಹೊರದೇಶದಿಂದ ತರಿಸಬೇಕಾಗಿಲ್ಲ. ಹರಿಹರವು ಲೇಥ್ ಯಂತ್ರಗಳ ಊರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಅಲ್ಲಿ ಲೇಥ್‌ಗಳನ್ನು ತಯಾರಿಸಿ ಈಗ ಮುಚ್ಚಿಹೋಗಿದೆ. ಇಂಥ ಪಟ್ಟಿಯನ್ನು ಮಾಡಿಕೊಡಲು ಲೋಹದ ಕೆಲಸದ ಸಾಧಾರಣ ಕಾರ್ಯಾಗಾರವೂ ಸಾಕು.

ಕ್ಯಾಮೆರಾವನ್ನು ಸರಿಸುವಾಗ ಅದರ ಮುಖವನ್ನು ವಸ್ತುವಿನತ್ತ ತಿರುಗಿಸಬಾರದು. ಎರಡು ನೋಟಗಳೂ ಸಮಾಂತರವಾಗಿರಬೇಕು. ತಿರುಗಿಸಿದರೆ ಕಲ್ಲಿನ ಒಂದು ಅಂಚು ಎಡಚಿತ್ರದಲ್ಲಿ ಉದ್ದವಾಗಿಯೂ ಬಲಚಿತ್ರದಲ್ಲಿ ಗಿಡ್ಡವಾಗಿಯೂ ಬರುತ್ತದೆ. ಕಣ್ಣು ಅವನ್ನು ಕೂಡಿಸಲಾರದು. ಸಮಾಂತರವಾಗಿ ಸರಿಸಿದಾಗ ವಸ್ತುವು ಚೌಕಟ್ಟಿನ ಒಂದು ಬದಿಗೆ ಸರಿದುಬಿಡುತ್ತದೆಯಲ್ಲ ಎಂಬುದಕ್ಕೆ ದೊಡ್ಡ ಅಳತೆಯ ಕ್ಯಾಮೆರಾದಲ್ಲಿಯೇ ಪರಿಹಾರವಿದೆ. ಫಿಲ್ಮನ್ನು ಹಿಡಿಯುವ ಹಿಂಬದಿಯ ಚೌಕಟ್ಟನ್ನು ಅಡ್ಡಲಾಗಿ ಸರಿಸಬಹುದಾದ ಕ್ಯಾಮೆರಾವನ್ನು ಆರಿಸಿಕೊಂಡರೆ, ಮೇಲೆ ಹೇಳಿದ ವೀರಗಲ್ಲಿನ ಉದಾಹರಣೆಯಲ್ಲಿ ಕೇವಲ 5.3 ಮಿ.ಮೀ. ಸರಿಸುವುದರಿಂದ ಕಲ್ಲು ಎರಡೂ ಚಿತ್ರಗಳಲ್ಲಿ ಚೌಕಟ್ಟಿನ ಒಂದೇ ಸ್ಥಾನದಲ್ಲಿ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವಾಗ ಈ ಸೌಲಭ್ಯವಿದೆಯೇ, ಅದಕ್ಕೆ ಅಳತೆಗೆರೆಗಳಿವೆಯೇ ಎಂದು ನೋಡಬೇಕು.

ಹೋಲ್ಡರಿನೊಳಗೆ ಫಿಲ್ಮಿನ ಹಾಳೆ ಸ್ವಲ್ಪ ಓರೆಯಾಗಿ ಅಥವಾ ಪಕ್ಕಕ್ಕೆ ಕುಳಿತುಕೊಳ್ಳಬಹುದು. ಇದನ್ನು ಅನಂತರ ಸರಿಪಡಿಸಲು ದೃಶ್ಯದಲ್ಲಿಯೇ ಆಧಾರ ಬೇಕು. ಗಾರೆಯವರು ಬಳಸುವ ತೂಗುಗುಂಡು ಮತ್ತು ಸ್ಪಷ್ಟ ಗೆರೆಗಳ ಅಳತೆಪಟ್ಟಿಯನ್ನು ಕಲ್ಲಿನ ಪಕ್ಕದಲ್ಲಿ ಇಟ್ಟರೆ ಆ ಆಧಾರ ದೊರೆಯುತ್ತದೆ. ಕ್ಯಾಮೆರಾವನ್ನು ಸಮಮಟ್ಟಕ್ಕೆ ತರಲು ರಸಮಟ್ಟವೂ ಬೇಕು.

ಬೆಳಕಿನ ಲೆಕ್ಕವೂ ಸಲಕರಣೆಯ ಆಯ್ಕೆಗೆ ಸೇರಿದ್ದೇ. ಎಲ್ಲ ಪದರಗಳೂ ಸ್ಫುಟವಾಗಿ ಬರಬೇಕಾದರೆ ಮಸೂರದ ರಂಧ್ರವನ್ನು ಎಫ್-22ರಷ್ಟು ಕಿರಿದಾಗಿಸಬೇಕು. 100 ವೇಗದ ಫಿಲ್ಮಿನಲ್ಲಿ ತೆರೆದ ನೆರಳಿನ ಕಲ್ಲಿಗೆ ಆಗ ಸುಮಾರು 1/8 ಸೆಕೆಂಡು ಸಾಕಾದರೆ, ಮಂಟಪದೊಳಗಿನ ಮಂದಬೆಳಕಿನಲ್ಲಿ ಸುಮಾರು 8 ಸೆಕೆಂಡು, ಇನ್ನೂ ಒಳಗೆ ನಿಮಿಷಗಳೇ ಬೇಕಾಗಬಹುದು. ಬಿಸಿಲಿನಲ್ಲಿಯಾದರೆ ಸೂರ್ಯನು 4 ನಿಮಿಷಕ್ಕೆ ಒಂದು ಡಿಗ್ರಿ ಸರಿಯುವುದರಿಂದ ನೆರಳಿನ ಅಂಚೂ ಸರಿಯುತ್ತದೆ. ಕಣ್ಣು ಆ ಸರಿತವನ್ನು ಆಳವೆಂದು ತಿಳಿಯುತ್ತದೆ. ಎರಡನೆಯ ಚಿತ್ರವು ಮೊದಲನೆಯದಾದ ಒಂದು ನಿಮಿಷದೊಳಗೆ ಮುಗಿಯಬೇಕು. ಅಕ್ಷರಗಳು ಏಳುವಂತೆ ಶಾಸನದ ಮೇಲೆ ಓರೆಬೆಳಕು ಬೀಳಿಸಬೇಕಾದಾಗ ಸೂರ್ಯನನ್ನು ನಂಬದೆ, ಕ್ಯಾಮೆರಾದೊಡನೆ ಸರಿಯದಂತೆ ನೆಲದ ಮೇಲೆ ನಿಲ್ಲಿಸಿದ ದೀಪವನ್ನು ಬಳಸುವುದು ಕ್ಷೇಮ.

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಪೂರ್ವಾನುಮತಿ ಬೇಕು. ಅನುಮತಿಯ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಊರಿನ ವೀರಗಲ್ಲು ಹಲವೆಡೆ ಇಂದಿಗೂ ಪೂಜೆಗೊಳ್ಳುವ ದೈವ. ಅದರ ಮೇಲಿನ ಎಣ್ಣೆ, ಕುಂಕುಮ, ವಿಭೂತಿಗಳು ಛಾಯಾಗ್ರಾಹಕನಿಗೆ ಅಡ್ಡಿಯಾಗಿ ಕಂಡರೂ ಜಾನಪದ ವಿದ್ವಾಂಸನಿಗೆ ಅವು ಆಕರವೇ. ಅವನ್ನು ತೊಳೆದು ಚಿತ್ರ ತೆಗೆಯುವುದು ಒಂದು ಆಕರವನ್ನು ಅಳಿಸಿ ಇನ್ನೊಂದನ್ನು ಪಡೆದಂತೆ. ಪೂಜಾರಿಗಳು, ಊರ ಹಿರಿಯರು ಹೇಳಿದ ವೇಳೆಯಲ್ಲಿ, ಇದ್ದ ಸ್ಥಿತಿಯಲ್ಲಿಯೇ ದಾಖಲಿಸಬೇಕು.

ಚಲನೆಯ ಮಿತಿ: ಆನೆಕೊಂಡದ ಎರಡು ಮುಖಗಳು

ಆನೆಕೊಂಡದಲ್ಲಿ ಮಧ್ಯಕಾಲದ ಈಶ್ವರ ದೇವಾಲಯವಿದೆ. ಶ್ರಾವಣದಲ್ಲಿ ಜನ ಕಿವಿಗೊಟ್ಟು ಕೇಳುವ ಬಸವೇಶ್ವರನ ಕಾರಣಿಕವೂ ಇದೆ. ಒಂದು ಶತಮಾನಗಳಿಂದ ನಿಂತ ಕಲ್ಲು, ಇನ್ನೊಂದು ಕ್ಷಣದಲ್ಲಿ ನುಡಿದು ಮುಗಿಯುವ ಮಾತು. ಇವೆರಡನ್ನೂ ಒಂದೇ ಸಲಕರಣೆಯಿಂದ ದಾಖಲಿಸುವ ಪ್ರಯತ್ನ ಸಲ್ಲದು.

ಇದಕ್ಕೆ ಲೆಕ್ಕವೇ ಸಾಕ್ಷಿ. ಐದು ಮೀಟರ್ ದೂರದಲ್ಲಿ ಕುಣಿಯುವವನ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಅಡ್ಡಲಾಗಿ ಚಲಿಸುತ್ತಿದೆ ಎಂದುಕೊಳ್ಳೋಣ. ಎರಡು ಕ್ಯಾಮೆರಾಗಳ ಷಟರುಗಳು ಸೆಕೆಂಡಿನ 1/100 ಭಾಗದಷ್ಟು ಹಿಂದುಮುಂದಾದರೆ ಕೈ 2 ಸೆಂ.ಮೀ. ಸರಿದಿರುತ್ತದೆ. ಮಸೂರಾಂತರ 65 ಮಿ.ಮೀ. ಇದ್ದಾಗ ಈ ಅಲ್ಪ ಸರಿತವು ಜೋಡಿಚಿತ್ರದಲ್ಲಿ ಸುಮಾರು ಒಂದೂವರೆ ಮೀಟರಿನ ಸುಳ್ಳು ಆಳವಾಗಿ ತೋರುತ್ತದೆ. ಸೆಕೆಂಡಿನ 1/1000 ಭಾಗದ ವ್ಯತ್ಯಾಸಕ್ಕೂ 15 ಸೆಂ.ಮೀ. ತಪ್ಪು ಬರುತ್ತದೆ. ಕೈಯಿಂದ ಒತ್ತುವ ಹಳೆಯ ಷಟರುಗಳಿಂದ ಇಂಥ ಹೊಂದಾಣಿಕೆ ಅಸಾಧ್ಯ. ಕಾರಣಿಕ, ಕುಣಿತ, ಜಾತ್ರೆಗಳಿಗೆ ವಿದ್ಯುನ್ಮಾನವಾಗಿ ಏಕಕಾಲಕ್ಕೆ ತೆರೆದುಕೊಳ್ಳುವ ಸಣ್ಣ ಡಿಜಿಟಲ್ ಕ್ಯಾಮೆರಾಗಳ ಜೋಡಿ, ಅಥವಾ ಒಂಟಿ ವಿಡಿಯೋ ಹಾಗೂ ಉತ್ತಮ ಧ್ವನಿಮುದ್ರಣವೇ ಸೂಕ್ತ. ಕಾರಣಿಕದಲ್ಲಿ ಆಳಕ್ಕಿಂತ ನುಡಿ ಮುಖ್ಯ ಎಂಬುದನ್ನೂ ಮರೆಯಬಾರದು.

ನೋಡುವ ಉಪಕರಣ ಮತ್ತು ಸಂಗ್ರಹಣೆ

ಹೇಗೆ ನೋಡಬೇಕೆಂಬುದನ್ನು ಮೊದಲೇ ನಿಶ್ಚಯಿಸದೆ ಕ್ಯಾಮೆರಾ ಕೊಳ್ಳುವುದು ಸಾಮಾನ್ಯವಾದ ತಪ್ಪು. 4×5 ಅಂಗುಲದ ಎರಡು ಚಿತ್ರಗಳನ್ನು ನಿಲುವಾಗಿ ಪಕ್ಕಪಕ್ಕದಲ್ಲಿಟ್ಟರೆ ಅವುಗಳ ನಡುಬಿಂದುಗಳ ಅಂತರ ಸುಮಾರು 102 ಮಿ.ಮೀ.; ಕಣ್ಣುಗಳ ಅಂತರ 65 ಮಿ.ಮೀ. ಕಣ್ಣುಗಳು ಹೊರಮುಖವಾಗಿ ತಿರುಗಲಾರವು. ಆದ್ದರಿಂದ ಇಂಥ ಜೋಡಿಗೆ ವೀಟ್‌ಸ್ಟನ್ ತತ್ತ್ವದ ಕನ್ನಡಿ ಸ್ಟೀರಿಯೋಸ್ಕೋಪು ಬೇಕು. ವೈಮಾನಿಕ ಛಾಯಾಚಿತ್ರಗಳ ಅಧ್ಯಯನಕ್ಕಾಗಿ ವಿಶ್ವವಿದ್ಯಾಲಯಗಳ ಭೂವಿಜ್ಞಾನ, ಭೂಗೋಳ ವಿಭಾಗಗಳು ತರಿಸಿಕೊಳ್ಳುತ್ತಿದ್ದುದು ಇದೇ ಉಪಕರಣವನ್ನು. 23 ಸೆಂ.ಮೀ. ಚೌಕದ ಚಿತ್ರಗಳಿಗೆಂದು ರೂಪಿಸಿದ ಅದು ನಮ್ಮ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಚಿತ್ರಗಳನ್ನು ಕುಗ್ಗಿಸಿ ಹೋಮ್ಸ್ ಮಾದರಿಯ 3.5×7 ಅಂಗುಲದ ಕಾರ್ಡಿಗೆ ಇಳಿಸಬಹುದು. ಆಗ ಇನ್ನೊಂದು ಲೆಕ್ಕ ಎದುರಾಗುತ್ತದೆ. ವೀರಗಲ್ಲಿನ ಉದಾಹರಣೆಯಲ್ಲಿ ಮಸೂರದಿಂದ ಫಿಲ್ಮಿನ ದೂರ 160 ಮಿ.ಮೀ. ಚಿತ್ರವನ್ನು ಐದರಲ್ಲಿ ನಾಲ್ಕು ಪಾಲಿಗೆ ಕುಗ್ಗಿಸಿದರೆ ಅದನ್ನು 128 ಮಿ.ಮೀ. ಸಂಗಮದೂರದ ಮಸೂರದಿಂದ ನೋಡಿದಾಗ ಮಾತ್ರ ಆಳವು ಯಥಾವತ್ತಾಗಿ ಕಾಣುತ್ತದೆ. 200 ಮಿ.ಮೀ. ಮಸೂರದಿಂದ ನೋಡಿದರೆ ಆಳವು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಹಿಗ್ಗಿದಂತೆ ತೋರುತ್ತದೆ. ತೆಳುವಾದ ಕೆತ್ತನೆ ದುಂಡುಶಿಲ್ಪವೆಂಬ ಭ್ರಮೆ ಹುಟ್ಟಿಸುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಎಡಬಲಗಳ ಅದಲುಬದಲು. ಜೋಡಿ ತಿರುವುಮುರುವಾದರೆ ಆಳವೇ ತಲೆಕೆಳಗಾಗುತ್ತದೆ: ಕೊರೆದ ಅಕ್ಷರ ಉಬ್ಬಿದಂತೆ, ಉಬ್ಬಿದ ಮೂರ್ತಿ ತಗ್ಗಿದಂತೆ ಕಾಣುತ್ತದೆ. ಸವೆದ ಶಾಸನದ ಅಕ್ಷರಗಳನ್ನು ಬಿಡಿಸುವವರಿಗೆ ಇದರಿಂದಾಗುವ ಹಾನಿಯನ್ನು ವಿವರಿಸಬೇಕಿಲ್ಲ. ಹೋಲ್ಡರುಗಳ ಅಂಚಿನಲ್ಲಿ ಒಂದಕ್ಕೆ ಒಂದು ಕಚ್ಚು, ಇನ್ನೊಂದಕ್ಕೆ ಎರಡು ಕಚ್ಚು ಮಾಡಿಟ್ಟರೆ ಫಿಲ್ಮಿನ ಮೇಲೆಯೇ ಎಡಬಲಗಳ ಗುರುತು ಶಾಶ್ವತವಾಗಿ ಮೂಡುತ್ತದೆ.

ಪ್ರತಿ ಜೋಡಿಯೊಡನೆ ಮಸೂರಾಂತರ, ವಸ್ತುವಿನ ದೂರ, ಸಂಗಮದೂರ, ರಂಧ್ರ, ಅವಧಿ, ಬೆಳಕಿನ ದಿಕ್ಕು, ದಿನಾಂಕ, ವೇಳೆ, ಸ್ಥಳ ಮತ್ತು ಕಲ್ಲನ್ನು ಊರಿನವರು ಕರೆಯುವ ಹೆಸರು ಇವಿಷ್ಟನ್ನೂ ದಾಖಲಿಸಬೇಕು. ಫಿಲ್ಮನ್ನು ಅಂಗುಲಕ್ಕೆ ಸುಮಾರು 2500 ಬಿಂದುಗಳಂತೆ ಡಿಜಿಟಲೀಕರಿಸಿದರೆ ಮೇಲೆ ಭಾವಿಸಿದ ಸೂಕ್ಷ್ಮತೆ ಉಳಿಯುತ್ತದೆ. ಒಂದೊಂದು ಹಾಳೆಗೆ ಸುಮಾರು 12 ಕೋಟಿ ಬಿಂದುಗಳಾಗುತ್ತವೆ.

ಇಂದು ಅನೇಕ ಡಿಜಿಟಲ್ ಚಿತ್ರಗಳಿಂದ ಗಣಕವು ಮೂರು ಆಯಾಮದ ಮಾದರಿಯನ್ನು ಕಟ್ಟಿಕೊಡುತ್ತದೆ. ಸ್ಮಾರಕಗಳ ದಾಖಲೀಕರಣಕ್ಕಾಗಿ 1968ರಲ್ಲಿ ಸ್ಥಾಪನೆಯಾದ ಸಿಪಾ ಎಂಬ ಅಂತಾರಾಷ್ಟ್ರೀಯ ಸಮಿತಿಯ ವಲಯದಲ್ಲಿ 1994ರಲ್ಲಿ ರೂಪುಗೊಂಡ 'ಮೂರು ಗುಣಿಸು ಮೂರು' ನಿಯಮಗಳು ಸಾಮಾನ್ಯ ಕ್ಯಾಮೆರಾದಿಂದಲೂ ಇದನ್ನು ಸಾಧಿಸುವ ಶಿಸ್ತನ್ನು ಹೇಳುತ್ತವೆ. ಈ ವಿಧಾನವನ್ನು ಸ್ವಾಗತಿಸಬೇಕು. ದೊಡ್ಡ ಫಿಲ್ಮು ಕೈಗೆಟುಕದ ಸಂಶೋಧಕರು ಅದೇ ಜಾರುಪಟ್ಟಿಯ ಮೇಲೆ ಡಿಜಿಟಲ್ ಕ್ಯಾಮೆರಾವನ್ನು ಕೂರಿಸಿಯೂ ಕೆಲಸ ಮಾಡಬಹುದು. ಆದರೆ ಗಣಕದ ಮಾದರಿಯನ್ನು ತೆರೆಯಲು ತಂತ್ರಾಂಶ ಬೇಕು. ತಂತ್ರಾಂಶಗಳು ಬದಲಾಗುತ್ತಲೇ ಇರುತ್ತವೆ. ಎರಡು ಹಾಳೆಗಳ ಜೋಡಿಯನ್ನು ಓದಲು ಎರಡು ಕನ್ನಡಿ, ಎರಡು ಕಣ್ಣು ಸಾಕು.

ಸಮಾರೋಪ

ಒಟ್ಟಿನಲ್ಲಿ, ಕಲ್ಲಿನ ದಾಖಲೀಕರಣವನ್ನು ಕೈಗೊಳ್ಳುವ ಸಂಸ್ಥೆಗೆ ಬೇಕಾದುದು ದುಬಾರಿಯಾದ ಜೋಡಿ ಕ್ಯಾಮೆರಾ ಅಲ್ಲ. ಹಿಂಬದಿ ಸರಿಯುವ ಒಂದು 4×5 ಕ್ಯಾಮೆರಾ, 90 ಮತ್ತು 150 ಮಿ.ಮೀ.ನ ಎರಡು ಮಸೂರಗಳು, ಭಾರವಾದ ಟ್ರೈಪಾಡು, ಅಳತೆಗೆರೆಯ ಜಾರುಪಟ್ಟಿ, ರಸಮಟ್ಟ, ತೂಗುಗುಂಡು, ಅಳತೆಪಟ್ಟಿ ಮತ್ತು ಒಂದು ಕನ್ನಡಿ ಸ್ಟೀರಿಯೋಸ್ಕೋಪು ಸಾಕು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪ್ರಕಟವಾದಂದಿನಿಂದ ಕಲ್ಲನ್ನು ಸಮಾಜದ ದಾಖಲೆಯಾಗಿ ಓದುವ ಪರಂಪರೆ ನಮ್ಮಲ್ಲಿ ಬೆಳೆದಿದೆ. ಓದುವ ಪಠ್ಯವು ಶುದ್ಧವಾಗಿರಬೇಕೆಂದು ಬಯಸುವ ವಿದ್ವತ್ತು ನೋಡುವ ಚಿತ್ರವೂ ಶುದ್ಧವಾಗಿರಬೇಕೆಂದು ಬಯಸುವುದು ಸಹಜ. ಸಿಮೆಂಟು, ಬಣ್ಣ, ರಸ್ತೆ ಅಗಲೀಕರಣಗಳ ನಡುವೆ ಹಳ್ಳಿಯ ವೀರಗಲ್ಲುಗಳು ದಿನೇ ದಿನೇ ತಮ್ಮ ಆಳವನ್ನು ಕಳೆದುಕೊಳ್ಳುತ್ತಿರುವಾಗ, ಜಿಲ್ಲೆಗೊಂದರಂತೆ ಇಂಥ ಸಲಕರಣೆಯ ಒಂದು ಪೆಟ್ಟಿಗೆ ಮತ್ತು ಅದನ್ನು ಬಳಸಬಲ್ಲ ಇಬ್ಬರು ತರಬೇತಾದ ಕ್ಷೇತ್ರಕಾರ್ಯಕರ್ತರು ಇರುವಂತಾದರೆ ಮುಂದಿನ ತಲೆಮಾರಿನ ಅಧ್ಯಯನಕ್ಕೆ ಅಳೆಯಬಲ್ಲ ಆಕರ ಉಳಿಯುತ್ತದೆ.